ಜಾನ್ ಹರ್ಷೆಲ್

ಸರ್ ಜಾನ್ ಫ್ರೆಡರಿಕ್ ವಿಲಿಯಂ ಹರ್ಷೆಲ್ (ಮಾರ್ಚ್ ೭, ೧೭೯೨ – ಮೇ ೧೧, ೧೮೭೧) ಇಂಗ್ಲೆಂಡಿನ ಖಗೋಳವಿಜ್ಞಾನಿ, ಗಣಿತಜ್ಞ ಮತ್ತು ರಸಾಯನವಿಜ್ಞಾನಿ. ಛಾಯಾಗ್ರಹಣ ಕಲೆಯ ಆದ್ಯಪ್ರವರ್ತಕರಲ್ಲಿ ಒಬ್ಬರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಪುತ್ರ. ದಕ್ಷಿಣ ಗೋಳಾರ್ಧದ ಆಕಾಶವನ್ನು ದೊಡ್ಡ ದೂರದರ್ಶಕದಿಂದ ಕ್ರಮಬದ್ಧವಾಗಿ ಪರಿಶೀಲಿಸಿ ದಾಖಲಿಸಿದ್ದು ಇವರ ಪ್ರಸಿದ್ಧ ಸಾಧನೆ. ಬೆಳಕು ತಾಗಿದಾಗ ಬಣ್ಣ ಬದಲಿಸುವ ದ್ರವ್ಯಗಳ ಬಗ್ಗೆ ಇವರು ನಡೆಸಿದ ಪ್ರಯೋಗಗಳೂ ಅಷ್ಟೇ ಮಹತ್ವದವು. ಹೂವಿನ ರಸದಿಂದ ಬಣ್ಣದ ಚಿತ್ರ ಪಡೆಯಬೇಕೆಂಬ ಇವರ ಆಸೆ ಕೈಗೂಡಲಿಲ್ಲ. ಆದರೆ ಅದೇ ಅನ್ವೇಷಣೆಯ ದಾರಿಯಲ್ಲಿ ೧೮೪೨ರಲ್ಲಿ ದೊರೆತ ಸಯನೋಟೈಪ್ ಎಂಬ ನೀಲಿ ಮುದ್ರಣ ವಿಧಾನವು ಮುಂದೆ ಜಗತ್ತಿನಾದ್ಯಂತ ಕಟ್ಟಡ ಮತ್ತು ಯಂತ್ರಗಳ ನಕ್ಷೆಗಳನ್ನು ಪ್ರತಿ ಮಾಡಲು ಬಳಕೆಯಾಯಿತು.

ಜನನ ಮತ್ತು ವಿದ್ಯಾಭ್ಯಾಸ

ಜಾನ್ ಹರ್ಷೆಲ್ ಇಂಗ್ಲೆಂಡಿನ ಸ್ಲೌ ಎಂಬಲ್ಲಿ ಜನಿಸಿದರು. ತಂದೆ ವಿಲಿಯಂ ಜರ್ಮನಿಯ ಹ್ಯಾನೋವರ್‌ನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರು, ತಾಯಿ ಮೇರಿ. ಸೋದರತ್ತೆ ಕ್ಯಾರೋಲಿನ್ ಹರ್ಷೆಲ್ ಹಲವು ಧೂಮಕೇತುಗಳನ್ನು ಕಂಡುಹಿಡಿದ ಖಗೋಳವೀಕ್ಷಕಿ. ಮನೆಯ ಅಂಗಳದಲ್ಲಿ ತಂದೆ ನಿರ್ಮಿಸಿದ್ದ ನಲವತ್ತು ಅಡಿ ಉದ್ದದ ದೂರದರ್ಶಕ ನಿಂತಿತ್ತು. ಜಾನ್ ಎಂಟು ವರ್ಷದ ಬಾಲಕನಾಗಿದ್ದಾಗ, ೧೮೦೦ರಲ್ಲಿ, ತಂದೆಯು ಬಿಸಿಲಿನ ರೋಹಿತದಲ್ಲಿ ಕೆಂಪು ಬಣ್ಣದ ಆಚೆಗೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿರುವುದನ್ನು ಉಷ್ಣಮಾಪಕದ ಸಹಾಯದಿಂದ ತೋರಿಸಿದರು. ಬೆಳಕಿನ ಒಂದೊಂದು ಬಣ್ಣವೂ ಒಂದೊಂದು ಬಗೆಯಲ್ಲಿ ವರ್ತಿಸುತ್ತದೆ ಎಂಬ ವಿಚಾರ ಹೀಗೆ ಜಾನ್ ಅವರಿಗೆ ಮನೆಯಲ್ಲಿಯೇ ದೊರೆತ ಪಾಠವಾಗಿತ್ತು.

ಈಟನ್ ಶಾಲೆಯಲ್ಲಿ ಅಲ್ಪಕಾಲ ಓದಿದ ಬಳಿಕ ಖಾಸಗಿ ಉಪಾಧ್ಯಾಯರಿಂದ ಶಿಕ್ಷಣ ಪಡೆದು, ೧೮೦೯ರಲ್ಲಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರು. ೧೮೧೨ರಲ್ಲಿ ಸಹಪಾಠಿಗಳಾದ ಚಾರ್ಲ್ಸ್ ಬ್ಯಾಬೇಜ್ ಮತ್ತು ಜಾರ್ಜ್ ಪೀಕಾಕ್ ಅವರೊಡಗೂಡಿ ಅನಲಿಟಿಕಲ್ ಸೊಸೈಟಿಯನ್ನು ಸ್ಥಾಪಿಸಿದರು. ಯುರೋಪಿನಲ್ಲಿ ಬಳಕೆಯಲ್ಲಿದ್ದ ಕಲನಶಾಸ್ತ್ರದ ಸಂಕೇತಪದ್ಧತಿಯನ್ನು ಇಂಗ್ಲೆಂಡಿಗೆ ತರುವುದು ಈ ಸಂಘದ ಉದ್ದೇಶವಾಗಿತ್ತು. ೧೮೧೩ರ ಗಣಿತ ಪರೀಕ್ಷೆಯಲ್ಲಿ ಹರ್ಷೆಲ್ ಪ್ರಥಮ ಸ್ಥಾನ ಪಡೆದರು. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಕೆಲಕಾಲ ಕಾನೂನು ಓದಿದರೂ ಅದು ಅವರ ಮನಸ್ಸಿಗೆ ಹಿಡಿಸಲಿಲ್ಲ. ೧೮೧೬ರಲ್ಲಿ ವೃದ್ಧ ತಂದೆಯ ಕೆಲಸವನ್ನು ಮುಂದುವರಿಸುವ ಸಲುವಾಗಿ ಸ್ಲೌಗೆ ಮರಳಿದರು.

ಹೈಪೋ ದ್ರಾವಣ

ಖಗೋಳವೀಕ್ಷಣೆಯ ಹೊಣೆ ಹೊತ್ತರೂ ಹರ್ಷೆಲ್ ಅವರ ಒಲವು ರಸಾಯನವಿಜ್ಞಾನದ ಕಡೆಗೂ ಇತ್ತು. ೧೮೧೯ರಲ್ಲಿ, ಇಂದು ಸೋಡಿಯಂ ಥಯೋಸಲ್ಫೇಟ್ ಎಂದು ಕರೆಯಲಾಗುವ ಲವಣದ ದ್ರಾವಣವು ನೀರಿನಲ್ಲಿ ಕರಗದ ಬೆಳ್ಳಿಯ ಕ್ಲೋರೈಡನ್ನು ಸುಲಭವಾಗಿ ಕರಗಿಸುತ್ತದೆ ಎಂಬುದನ್ನು ಅವರು ಪ್ರಕಟಿಸಿದರು. ಆಗ ಈ ಸಂಗತಿಗೆ ಯಾವ ಪ್ರಾಯೋಗಿಕ ಬಳಕೆಯೂ ಇರಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಛಾಯಾಗ್ರಹಣವು ಹುಟ್ಟಿದಾಗ ಇದೇ ಅದರ ಅತಿ ಅಗತ್ಯದ ಸಾಧನವಾಯಿತು. ಛಾಯಾಗ್ರಾಹಕರು ಇದನ್ನು ಹೈಪೋ ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಾರೆ.

೧೮೨೦ರಲ್ಲಿ ಲಂಡನ್ನಿನ ಖಗೋಳ ಸಂಘದ ಸ್ಥಾಪನೆಯಲ್ಲಿ ಹರ್ಷೆಲ್ ಭಾಗಿಯಾದರು. ೧೮೨೨ರಲ್ಲಿ ತಂದೆ ತೀರಿಕೊಂಡರು. ಜೇಮ್ಸ್ ಸೌತ್ ಅವರೊಡನೆ ಜೋಡಿ ನಕ್ಷತ್ರಗಳನ್ನು ಅಳೆದ ಕಾರ್ಯಕ್ಕಾಗಿ ಈ ಸಂಘದ ಚಿನ್ನದ ಪದಕ ದೊರೆಯಿತು. ೧೮೨೯ರಲ್ಲಿ ಮಾರ್ಗರೆಟ್ ಬ್ರೋಡಿ ಸ್ಟೂವರ್ಟ್ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ಮೂವರು ಗಂಡುಮಕ್ಕಳು ಮತ್ತು ಒಂಬತ್ತು ಹೆಣ್ಣುಮಕ್ಕಳು. ೧೮೩೦ರಲ್ಲಿ ಪ್ರಕಟವಾದ, ವಿಜ್ಞಾನದ ಅಧ್ಯಯನಕ್ರಮವನ್ನು ವಿವರಿಸುವ ಇವರ ಗ್ರಂಥವು ತರುಣ ಚಾರ್ಲ್ಸ್ ಡಾರ್ವಿನ್ ಅವರ ಮೇಲೆ ಗಾಢ ಪ್ರಭಾವ ಬೀರಿತು. ಅದೇ ವರ್ಷ ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಹರ್ಷೆಲ್ ಅವರು ಸಸೆಕ್ಸ್‌ನ ಡ್ಯೂಕ್ ಎದುರು ಎಂಟು ಮತಗಳ ಅಂತರದಿಂದ ಸೋತರು.

ದಕ್ಷಿಣ ಆಫ್ರಿಕದಲ್ಲಿ

ಉತ್ತರ ಗೋಳಾರ್ಧದಿಂದ ಕಾಣುವ ನೀಹಾರಿಕೆಗಳನ್ನು ತಂದೆ ಪಟ್ಟಿ ಮಾಡಿದ್ದರು. ದಕ್ಷಿಣದ ಆಕಾಶ ಉಳಿದಿತ್ತು. ಅದನ್ನು ಪೂರ್ಣಗೊಳಿಸಲು ಹರ್ಷೆಲ್ ೧೮೩೩ರ ನವೆಂಬರ್‌ನಲ್ಲಿ ಕುಟುಂಬ ಸಮೇತ, ಸ್ವಂತ ಖರ್ಚಿನಲ್ಲಿ ಹಡಗನ್ನೇರಿದರು. ೧೮೩೪ರ ಜನವರಿಯಲ್ಲಿ ಕೇಪ್‌ಟೌನ್ ತಲಪಿ, ಸಮೀಪದ ಫೆಲ್ಡ್‌ಹೌಸನ್ ಎಂಬ ಎಸ್ಟೇಟಿನಲ್ಲಿ ಇಪ್ಪತ್ತು ಅಡಿ ಉದ್ದದ ದೂರದರ್ಶಕವನ್ನು ಸ್ಥಾಪಿಸಿದರು. ನಾಲ್ಕು ವರ್ಷಗಳ ಕಾಲ ಸುಮಾರು ೧,೭೦೦ ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳನ್ನೂ ಸುಮಾರು ೨,೧೦೦ ಜೋಡಿ ನಕ್ಷತ್ರಗಳನ್ನೂ ದಾಖಲಿಸಿದರು. ಹಗಲಿನಲ್ಲಿ ಪತಿ ಪತ್ನಿ ಸೇರಿ ಅಲ್ಲಿನ ಹೂಗಿಡಗಳ ಚಿತ್ರಗಳನ್ನು ರಚಿಸುತ್ತಿದ್ದರು. ಕ್ಯಾಮೆರಾ ಲೂಸಿಡಾ ಎಂಬ ಪಟ್ಟಕದ ಉಪಕರಣದ ನೆರವಿನಿಂದ ಹರ್ಷೆಲ್ ಬಾಹ್ಯರೇಖೆಗಳನ್ನು ಬರೆದರೆ, ಮಾರ್ಗರೆಟ್ ಬಣ್ಣ ತುಂಬುತ್ತಿದ್ದರು. ಇಂತಹ ೧೩೧ ಚಿತ್ರಗಳು ಉಳಿದುಬಂದಿವೆ. ೧೮೩೬ರಲ್ಲಿ ಬೀಗಲ್ ಹಡಗಿನಲ್ಲಿ ಬಂದ ಡಾರ್ವಿನ್ ಇಲ್ಲಿ ಇವರನ್ನು ಭೇಟಿಯಾದರು. ೧೮೩೮ರಲ್ಲಿ ಸ್ವದೇಶಕ್ಕೆ ಮರಳಿದಾಗ ಹರ್ಷೆಲ್ ಅವರಿಗೆ ಬ್ಯಾರನೆಟ್ ಪದವಿ ದೊರೆಯಿತು.

ಛಾಯಾಗ್ರಹಣಕ್ಕೆ ಕೊಡುಗೆ

೧೮೩೯ರ ಜನವರಿ ೭ರಂದು ಪ್ಯಾರಿಸ್‌ನಲ್ಲಿ ಡಾಗೇರ್ ಅವರ ಛಾಯಾಚಿತ್ರ ವಿಧಾನದ ಘೋಷಣೆಯಾಯಿತು. ವಿಧಾನದ ವಿವರಗಳನ್ನು ಆಗ ಪ್ರಕಟಿಸಿರಲಿಲ್ಲ. ಸುದ್ದಿ ತಿಳಿದ ಹರ್ಷೆಲ್ ಆ ತಿಂಗಳು ಮುಗಿಯುವುದರೊಳಗೆ ತಾವೇ ಕಾಗದಕ್ಕೆ ಬೆಳ್ಳಿಯ ಲವಣ ಲೇಪಿಸಿ ಚಿತ್ರ ಪಡೆದರು. ಬೆಳಕಿನಿಂದ ಕಪ್ಪಾಗುವ ಲವಣದಿಂದ ಚಿತ್ರ ಮೂಡಿಸುವುದು ಕಷ್ಟವಲ್ಲ. ಮೂಡಿದ ಚಿತ್ರವನ್ನು ಬೆಳಕಿನಲ್ಲಿಟ್ಟಾಗ ಉಳಿದ ಭಾಗವೂ ಕಪ್ಪಾಗಿ ಇಡೀ ಚಿತ್ರ ಅಳಿಸಿಹೋಗುವುದೇ ತೊಡಕು. ಬೆಳಕು ತಾಗದೆ ಉಳಿದ ಲವಣವನ್ನು ತೊಳೆದು ತೆಗೆಯಲು ೧೮೧೯ರ ತಮ್ಮ ಹೈಪೋ ದ್ರಾವಣವನ್ನು ಹರ್ಷೆಲ್ ಬಳಸಿದರು. ಫೆಬ್ರವರಿ ೧ರಂದು ಭೇಟಿಗೆ ಬಂದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅವರಿಗೆ ಈ ಉಪಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಡಾಗೇರ್ ಕೂಡ ಬೇಗನೆ ಇದನ್ನು ಅಳವಡಿಸಿಕೊಂಡರು. ಟಾಲ್ಬಟ್ ೧೮೪೧ರಲ್ಲಿ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು. ಹರ್ಷೆಲ್ ತಮ್ಮ ಛಾಯಾಗ್ರಹಣ ವಿಧಾನಗಳಲ್ಲಿ ಯಾವುದಕ್ಕೂ ಪೇಟೆಂಟ್ ಪಡೆಯಲಿಲ್ಲ.

ಛಾಯಾಗ್ರಹಣ ಎಂಬ ಅರ್ಥದ ಫೋಟೋಗ್ರಫಿ ಪದವನ್ನು ೧೮೩೯ರ ಮಾರ್ಚ್‌ನಲ್ಲಿ ರಾಯಲ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧದ ಮೂಲಕ ಅವರು ಪ್ರಚಾರಕ್ಕೆ ತಂದರು. ಬ್ರೆಜಿಲ್‌ನಲ್ಲಿದ್ದ ಹರ್ಕ್ಯುಲ್ ಫ್ಲಾರೆನ್ಸ್ ಇದಕ್ಕೂ ಮೊದಲೇ ಇದರ ಫ್ರೆಂಚ್ ರೂಪವನ್ನು ಬಳಸಿದ್ದರು. ನೆಗೆಟಿವ್ ಮತ್ತು ಪಾಸಿಟಿವ್ ಎಂಬ ಪದಗಳನ್ನು ಛಾಯಾಚಿತ್ರಗಳಿಗೆ ಅನ್ವಯಿಸಿದವರೂ ಹರ್ಷೆಲ್ ಅವರೇ. ೧೮೩೯ರ ಸೆಪ್ಟೆಂಬರ್‌ನಲ್ಲಿ, ಶಿಥಿಲವಾಗಿದ್ದ ತಂದೆಯ ನಲವತ್ತು ಅಡಿಯ ದೂರದರ್ಶಕವನ್ನು ಕಳಚುವ ಮುನ್ನ, ಅದರ ಚೌಕಟ್ಟಿನ ಚಿತ್ರವನ್ನು ಗಾಜಿನ ಮೇಲೆ ತೆಗೆದರು. ಗಾಜಿನ ಮೇಲೆ ತೆಗೆದು ಇಂದಿಗೂ ಉಳಿದಿರುವ ಛಾಯಾಚಿತ್ರಗಳಲ್ಲಿ ಇದು ಅತ್ಯಂತ ಹಳೆಯದು.

ಹೂವಿನ ರಸದ ಪ್ರಯೋಗಗಳು

೧೮೪೦ರಲ್ಲಿ ಹರ್ಷೆಲ್ ಕೆಂಟ್ ಪ್ರಾಂತ್ಯದ ಹಾಕ್‌ಹರ್ಸ್ಟ್ ಬಳಿಯ ಕಾಲಿಂಗ್‌ವುಡ್ ಎಂಬ ಮನೆಗೆ ವಾಸ ಬದಲಿಸಿದರು. ಬೆಳ್ಳಿಯ ಲವಣಗಳು ಕಪ್ಪು ಅಥವಾ ಕಂದು ಬಣ್ಣದ ಚಿತ್ರಗಳನ್ನು ಮಾತ್ರ ಕೊಡುತ್ತಿದ್ದವು. ಪ್ರಕೃತಿಯ ಬಣ್ಣಗಳನ್ನೇ ಚಿತ್ರದಲ್ಲಿ ಪಡೆಯಬೇಕೆಂಬುದು ಹರ್ಷೆಲ್ ಅವರ ಗುರಿಯಾಗಿತ್ತು. ಬಣ್ಣಬಣ್ಣದ ಹೂಗಳಲ್ಲಿ ಇದಕ್ಕೆ ತಕ್ಕ ದ್ರವ್ಯ ಸಿಗಬಹುದೆಂದು ಯೋಚಿಸಿ ಅವರು ವಯೊಲೆಟ್, ಗಸಗಸೆ ಮೊದಲಾದ ಅನೇಕ ಹೂಗಳನ್ನು ಪರೀಕ್ಷಿಸಿದರು.

ವಿಧಾನ ಸರಳವಾಗಿತ್ತು. ಎಸಳುಗಳನ್ನು ಮದ್ಯಸಾರದೊಡನೆ ಅರೆದು, ಬಟ್ಟೆಯಲ್ಲಿ ಹಿಂಡಿ, ಬಂದ ರಸವನ್ನು ಕಾಗದಕ್ಕೆ ಬಳಿದು ಒಣಗಿಸುವುದು. ಅದರ ಮೇಲೆ ಅಚ್ಚಿನ ಚಿತ್ರವನ್ನಿಟ್ಟು ಬಿಸಿಲಿನಲ್ಲಿ ಬಿಡುವುದು. ಬಿಸಿಲು ಬಿದ್ದ ಕಡೆ ಬಣ್ಣ ಮಾಸಿ, ನೆರಳಿದ್ದ ಕಡೆ ಉಳಿದು ಚಿತ್ರ ಮೂಡುತ್ತದೆ. ಇದಕ್ಕೆ ಆಂಥೋಟೈಪ್ ಎಂದು ಹೆಸರು. ಹರ್ಷೆಲ್ ಅಷ್ಟಕ್ಕೇ ನಿಲ್ಲಲಿಲ್ಲ. ಪಟ್ಟಕದಿಂದ ಬಿಸಿಲನ್ನು ರೋಹಿತವಾಗಿ ಒಡೆದು, ಯಾವ ಬಣ್ಣದ ಕಿರಣ ಯಾವ ರಸವನ್ನು ಮಾಸಿಸುತ್ತದೆ ಎಂದು ಒಂದೊಂದಾಗಿ ಗುರುತಿಸಿದರು. ಸಾಮಾನ್ಯವಾಗಿ ರಸದ ಬಣ್ಣಕ್ಕೆ ಪೂರಕವಾದ ಬಣ್ಣದ ಕಿರಣಗಳೇ ಅದನ್ನು ಮಾಸಿಸುತ್ತವೆ ಎಂಬುದು ಅವರಿಗೆ ಕಂಡುಬಂತು. ಹಳದಿ ರಸವನ್ನು ಹೆಚ್ಚಾಗಿ ನೀಲಿಯ ಕಡೆಯ ಕಿರಣಗಳು ಅಳಿಸುತ್ತಿದ್ದವು.

ಇದರ ಕಾರಣ ಈಗ ಸ್ಪಷ್ಟವಾಗಿದೆ. ಒಂದು ವಸ್ತು ಹಳದಿಯಾಗಿ ಕಾಣುವುದು ಅದು ನೀಲಿ ಬೆಳಕನ್ನು ಹೀರಿಕೊಂಡು ಉಳಿದುದನ್ನು ಪ್ರತಿಫಲಿಸುವುದರಿಂದ. ಹೀರಿಕೊಂಡ ಬೆಳಕು ಮಾತ್ರ ರಾಸಾಯನಿಕ ಬದಲಾವಣೆ ತರಬಲ್ಲದು. ಈ ನಿಯಮಕ್ಕೆ ಗ್ರೋಟಸ್ ಮತ್ತು ಡ್ರೇಪರ್ ಎಂಬ ವಿಜ್ಞಾನಿಗಳ ಹೆಸರಿದೆ. ಬಣ್ಣದ ಅಣುವಿನಲ್ಲಿ ಏಕಬಂಧ ಮತ್ತು ದ್ವಿಬಂಧಗಳು ಒಂದಾದ ಮೇಲೊಂದರಂತೆ ಸರಪಳಿಯಾಗಿರುತ್ತವೆ. ಈ ಸರಪಳಿಯೇ ಬೆಳಕನ್ನು ಹೀರುತ್ತದೆ. ಹೀರಿದ ಶಕ್ತಿಯಿಂದ ಉದ್ರೇಕಗೊಂಡ ಅಣುವು ಗಾಳಿಯ ಆಮ್ಲಜನಕ ಮುಂತಾದವುಗಳೊಡನೆ ವರ್ತಿಸಿ ಸರಪಳಿ ತುಂಡಾದರೆ, ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ಗುಣ ಹೋಗಿ ಬಣ್ಣ ಮಾಸುತ್ತದೆ. ಬಿಸಿಲಿಗೆ ಒಣಹಾಕಿದ ಬಟ್ಟೆಯ ಬಣ್ಣ ವರ್ಷಗಳಲ್ಲಿ ಮಾಸುವುದೂ ಹೀಗೆಯೇ.

ಆಂಥೋಟೈಪಿಗೆ ಎರಡು ಕೊರತೆಗಳಿದ್ದವು. ಚಿತ್ರ ಮೂಡಲು ಹಲವು ದಿನಗಳು, ಕೆಲವೊಮ್ಮೆ ವಾರಗಳೇ ಬೇಕಾಗುತ್ತಿದ್ದವು. ಅದಕ್ಕಿಂತ ದೊಡ್ಡ ಕೊರತೆ, ಚಿತ್ರವನ್ನು ಸ್ಥಿರಗೊಳಿಸುವ ಉಪಾಯವೇ ಇಲ್ಲದಿರುವುದು. ಬೆಳ್ಳಿಯ ಚಿತ್ರದಲ್ಲಿ ಬೆಳಕು ತಾಗದ ಲವಣವು ಬೇಡದ ಭಾಗ, ಅದನ್ನು ಹೈಪೋದಿಂದ ತೊಳೆಯಬಹುದು. ಹೂವಿನ ರಸದ ಚಿತ್ರದಲ್ಲಿ ಬೆಳಕು ತಾಗದೆ ಉಳಿದ ರಸವೇ ಚಿತ್ರ. ಅದನ್ನು ತೊಳೆದರೆ ಏನೂ ಉಳಿಯದು, ಬಿಟ್ಟರೆ ನೋಡುವ ಬೆಳಕೇ ಅದನ್ನು ಅಳಿಸುತ್ತದೆ. ಹೈಪೋವನ್ನು ಕಂಡುಹಿಡಿದ ಹರ್ಷೆಲ್ ಅವರಿಗೂ ಈ ತೊಡಕನ್ನು ದಾಟಲಾಗಲಿಲ್ಲ. ಆದರೂ ಪ್ರಯೋಗದ ಫಲಿತಾಂಶಗಳನ್ನೆಲ್ಲ ೧೮೪೨ರಲ್ಲಿ ರಾಯಲ್ ಸೊಸೈಟಿಯ ಮೂಲಕ ಪ್ರಕಟಿಸಿದರು. ವಿಜ್ಞಾನ ಲೇಖಕಿ ಮೇರಿ ಸಾಮರ್‌ವಿಲ್ ಇದೇ ಬಗೆಯ ಪ್ರಯೋಗಗಳನ್ನು ನಡೆಸಿ ೧೮೪೫ರಲ್ಲಿ ಹರ್ಷೆಲ್ ಅವರಿಗೆ ಪತ್ರ ಬರೆದರು. ಮಹಿಳೆಯರಿಗೆ ಆಗ ರಾಯಲ್ ಸೊಸೈಟಿಯಲ್ಲಿ ಸದಸ್ಯತ್ವವಿರಲಿಲ್ಲ. ಹರ್ಷೆಲ್ ಅವರ ಮೂಲಕ ಆ ಪತ್ರದ ಭಾಗ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಸಯನೋಟೈಪ್

ಹೂವಿನ ರಸಗಳ ಜೊತೆಯಲ್ಲಿಯೇ ಹರ್ಷೆಲ್ ಕಬ್ಬಿಣದ ಲವಣಗಳನ್ನೂ ಪರೀಕ್ಷಿಸುತ್ತಿದ್ದರು. ಫೆರಿಕ್ ಅಮೋನಿಯಂ ಸಿಟ್ರೇಟ್ ಎಂಬ ಲವಣವು ಬೆಳಕಿಗೆ ಚೆನ್ನಾಗಿ ಸ್ಪಂದಿಸುವುದನ್ನು ಗಮನಿಸಿ, ಅದರೊಡನೆ ಪೊಟ್ಯಾಸಿಯಂ ಫೆರಿಸಯನೈಡನ್ನು ಬಳಸಿದರು. ಇವೆರಡರ ಮಿಶ್ರಣವನ್ನು ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಿದರೆ ಹಳದಿ ಮಿಶ್ರಿತ ಹಸಿರು ಬಣ್ಣ ಬರುತ್ತದೆ. ಬಿಸಿಲಿನ ಅತಿನೇರಳೆ ಮತ್ತು ನೀಲಿ ಕಿರಣಗಳು ತಾಗಿದಾಗ ಫೆರಿಕ್ ಕಬ್ಬಿಣವು ಅಪಕರ್ಷಣಗೊಂಡು ಫೆರಸ್ ಕಬ್ಬಿಣವಾಗುತ್ತದೆ. ಇದು ಫೆರಿಸಯನೈಡಿನೊಡನೆ ಸೇರಿ ಪ್ರಷ್ಯನ್ ನೀಲಿ ಎಂಬ ಗಾಢ ನೀಲಿ ವರ್ಣದ್ರವ್ಯ ಉಂಟಾಗುತ್ತದೆ. ಈ ನೀಲಿ ನೀರಿನಲ್ಲಿ ಕರಗದು, ಬೆಳಕು ತಾಗದ ಲವಣಗಳು ಕರಗುತ್ತವೆ. ಆದ್ದರಿಂದ ಕಾಗದವನ್ನು ಬರಿಯ ನೀರಿನಲ್ಲಿ ತೊಳೆದರೆ ಸಾಕು, ನೀಲಿಯ ಮೇಲೆ ಬಿಳಿಯ ಚಿತ್ರ ಸ್ಥಿರವಾಗಿ ನಿಲ್ಲುತ್ತದೆ. ಆಂಥೋಟೈಪಿನಲ್ಲಿ ಬಗೆಹರಿಯದ ಸಮಸ್ಯೆ ಇಲ್ಲಿ ನೀರಿನಿಂದಲೇ ಬಗೆಹರಿಯಿತು.

ಗ್ರೀಕ್ ಭಾಷೆಯಲ್ಲಿ ಗಾಢ ನೀಲಿಯನ್ನು ಸೂಚಿಸುವ ಪದದಿಂದ ಹರ್ಷೆಲ್ ಇದಕ್ಕೆ ಸಯನೋಟೈಪ್ ಎಂದು ಹೆಸರಿಟ್ಟರು. ಚಿನ್ನದ ಲವಣವನ್ನು ಬಳಸುವ ಕ್ರಿಸೋಟೈಪ್ ಎಂಬ ಇನ್ನೊಂದು ವಿಧಾನವನ್ನೂ ಅದೇ ಕಾಲದಲ್ಲಿ ರೂಪಿಸಿದರು. ಸಯನೋಟೈಪ್ ಚಿತ್ರಕ್ಕೆ ಇನ್ನೊಂದು ವಿಶೇಷ ಗುಣವಿದೆ. ಬಹುಕಾಲ ಪ್ರಖರ ಬೆಳಕಿನಲ್ಲಿಟ್ಟರೆ ಅದು ಮಂಕಾಗುತ್ತದೆ. ಕತ್ತಲಿನಲ್ಲಿ ಗಾಳಿಯಾಡುವಂತೆ ಇಟ್ಟರೆ ಆಮ್ಲಜನಕದ ವರ್ತನೆಯಿಂದ ನೀಲಿ ಬಹುಮಟ್ಟಿಗೆ ಮರಳುತ್ತದೆ.

ಉಪಯೋಗಗಳು

ಈ ವಿಧಾನವನ್ನು ಮೊದಲು ಸಾರ್ಥಕವಾಗಿ ಬಳಸಿದವರು ಕೆಂಟ್‌ನ ಸಸ್ಯಶಾಸ್ತ್ರಜ್ಞೆ ಆನ್ನಾ ಅಟ್‌ಕಿನ್ಸ್. ಅವರ ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ಹರ್ಷೆಲ್ ಅವರ ಮಿತ್ರರು. ಸಮುದ್ರದ ಪಾಚಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು ಪಡೆದ ನೀಲಿ ಚಿತ್ರಗಳ ಗ್ರಂಥವನ್ನು ಅಟ್‌ಕಿನ್ಸ್ ೧೮೪೩ರಿಂದ ಭಾಗ ಭಾಗವಾಗಿ ಹೊರತಂದರು. ಛಾಯಾಚಿತ್ರಗಳಿಂದ ಸಚಿತ್ರವಾದ ಮೊದಲ ಪುಸ್ತಕವೆಂದು ಇದನ್ನು ಪರಿಗಣಿಸಲಾಗಿದೆ.

೧೮೭೦ರ ದಶಕದಿಂದ ಸಯನೋಟೈಪ್ ಕಾಗದವು ಸಿದ್ಧರೂಪದಲ್ಲಿ ಮಾರಾಟಕ್ಕೆ ಬಂದಿತು. ಪಾರದರ್ಶಕ ಹಾಳೆಯ ಮೇಲೆ ಒಮ್ಮೆ ಬರೆದ ನಕ್ಷೆಯನ್ನು ಇದರ ಮೇಲಿಟ್ಟು ಬೆಳಕಿಗೊಡ್ಡಿದರೆ ಬೇಕಾದಷ್ಟು ಪ್ರತಿಗಳು ದೊರೆಯುತ್ತಿದ್ದವು. ಕೈಯಿಂದ ನಕಲು ಮಾಡುವ ಶ್ರಮವೂ ನಕಲಿನಲ್ಲಿ ನುಸುಳುವ ತಪ್ಪುಗಳೂ ತಪ್ಪಿದವು. ರೈಲು, ಸೇತುವೆ, ಹಡಗು, ಕಟ್ಟಡಗಳ ನಿರ್ಮಾಣದಲ್ಲಿ ಇದು ದಶಕಗಳ ಕಾಲ ಬಳಕೆಯಲ್ಲಿತ್ತು. ೨೦ನೆಯ ಶತಮಾನದಲ್ಲಿ ಡಯಜೋ ಮುದ್ರಣವು ಇದರ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ಇಂಗ್ಲಿಷಿನಲ್ಲಿ ಇಂತಹ ಪ್ರತಿಗೆ ಬ್ಲೂಪ್ರಿಂಟ್ ಎಂದು ಹೆಸರು. ಯಾವುದೇ ಯೋಜನೆಯ ರೂಪರೇಷೆಗೆ ಇಂದು ಕನ್ನಡದಲ್ಲಿ ಬಳಸುವ ನೀಲನಕ್ಷೆ ಎಂಬ ಪದವು ಅದರಿಂದಲೇ ಬಂದುದು. ಬಟ್ಟೆಯ ಮೇಲಿನ ಚಿತ್ರಮುದ್ರಣದಲ್ಲಿ ಮತ್ತು ಶಾಲೆಗಳ ವಿಜ್ಞಾನ ಪ್ರಯೋಗಗಳಲ್ಲಿ ಸಯನೋಟೈಪ್ ಈಗಲೂ ಬಳಕೆಯಲ್ಲಿದೆ.

ಬೆಳಕಿನಲ್ಲಿ ಬಣ್ಣ ತಾಳಿ ಕತ್ತಲಲ್ಲಿ ಮೊದಲಿನಂತಾಗುವ ಬೇರೊಂದು ಬಗೆಯ ವರ್ಣದ್ರವ್ಯಗಳೂ ಇವೆ. ಈ ಗುಣಕ್ಕೆ ಫೋಟೋಕ್ರೋಮಿಸಂ ಎಂಬ ಹೆಸರನ್ನು ೧೯೫೦ರ ಸುಮಾರಿಗೆ ಯೆಹುದಾ ಹಿರ್ಷ್‌ಬರ್ಗ್ ಸೂಚಿಸಿದರು. ಇವುಗಳಲ್ಲಿ ಕೆಲವು ಅಣುಗಳ ಒಂದು ಉಂಗುರವು ಅತಿನೇರಳೆ ಕಿರಣ ತಾಗಿದಾಗ ಬಿಚ್ಚಿಕೊಂಡು, ಬಂಧಗಳ ಸರಪಳಿ ಉದ್ದವಾಗಿ ಬಣ್ಣ ಬರುತ್ತದೆ. ಬೆಳಕು ಹೋದ ಮೇಲೆ ಉಷ್ಣದಿಂದ ಉಂಗುರ ಮತ್ತೆ ಮುಚ್ಚಿಕೊಳ್ಳುತ್ತದೆ. ಬಿಸಿಲಿನಲ್ಲಿ ಕಪ್ಪಾಗುವ ಪ್ಲಾಸ್ಟಿಕ್ ಕನ್ನಡಕಗಳಲ್ಲಿ ಇಂತಹ ದ್ರವ್ಯಗಳಿರುತ್ತವೆ. ತಂಪು ದಿನಕ್ಕಿಂತ ಸೆಕೆಯ ದಿನ ಅವು ಕಡಿಮೆ ಕಪ್ಪಾಗುವುದಕ್ಕೆ ಈ ಉಷ್ಣದ ಪಾತ್ರವೇ ಕಾರಣ. ಹೂವಿನ ರಸದಲ್ಲಿ ಬದಲಾವಣೆ ಹಿಂದಿರುಗದು, ಇಲ್ಲಿ ಹಿಂದಿರುಗುತ್ತದೆ. ಆದರೆ ಹೀರಿಕೊಂಡ ಬೆಳಕೇ ಬದಲಾವಣೆ ತರುತ್ತದೆ ಎಂಬ ನಿಯಮ ಎರಡಕ್ಕೂ ಒಂದೇ.

ಭಾರತದ ನಂಟು

ಹರ್ಷೆಲ್ ಭಾರತಕ್ಕೆ ಬಂದವರಲ್ಲ. ಆದರೆ ಅವರ ಇಬ್ಬರು ಗಂಡುಮಕ್ಕಳು ಇಲ್ಲಿ ಸೇವೆ ಸಲ್ಲಿಸಿದರು. ಹಿರಿಯ ಮಗ ವಿಲಿಯಂ ಜೇಮ್ಸ್ ಹರ್ಷೆಲ್ ಬಂಗಾಳದಲ್ಲಿ ಆಡಳಿತಾಧಿಕಾರಿಯಾಗಿದ್ದರು. ೧೮೫೮ರಲ್ಲಿ ಗುತ್ತಿಗೆದಾರರೊಬ್ಬರ ಅಂಗೈ ಅಚ್ಚನ್ನು ಕರಾರುಪತ್ರದ ಮೇಲೆ ತೆಗೆದುಕೊಂಡ ಇವರು ಮುಂದೆ ಬೆರಳಚ್ಚಿನ ಬಳಕೆಗೆ ನಾಂದಿ ಹಾಡಿದರು. ತಂದೆಯ ಹೆಸರನ್ನೇ ಹೊಂದಿದ್ದ ಇನ್ನೊಬ್ಬ ಮಗ ಜಾನ್ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ಅಧಿಕಾರಿಯಾಗಿದ್ದರು. ೧೮೬೮ರ ಆಗಸ್ಟ್ ೧೮ರ ಖಗ್ರಾಸ ಸೂರ್ಯಗ್ರಹಣವನ್ನು ಅವರು ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಿಂದ ರೋಹಿತದರ್ಶಕದ ಮೂಲಕ ವೀಕ್ಷಿಸಿದರು. ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಹೊಳೆಯುವ ರೇಖೆಗಳು ಕಂಡವು. ಅವು ಉರಿಯಂತೆ ಬೆಳಗುವ ಅನಿಲಗಳೆಂದು ಇದರಿಂದ ತಿಳಿಯಿತು. ಆಗ ತಂದೆಗೆ ೭೬ ವರ್ಷ.

ಕಲ್ಕತ್ತದಲ್ಲಿ ಜನಿಸಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರಿಗೆ ಹರ್ಷೆಲ್ ಪರಿಚಯವಾದುದು ಕೇಪ್‌ಟೌನ್‌ನಲ್ಲಿ. ಛಾಯಾಗ್ರಹಣದ ವಿಷಯ ಅವರಿಗೆ ಮೊದಲು ತಿಳಿದದ್ದು ಹರ್ಷೆಲ್ ಅವರಿಂದಲೇ. ಮುಂದೆ ಪ್ರಸಿದ್ಧ ಛಾಯಾಗ್ರಾಹಕಿಯಾದ ಅವರು ೧೮೬೭ರಲ್ಲಿ ತೆಗೆದ, ಕೆದರಿದ ಬಿಳಿಗೂದಲಿನ ಹರ್ಷೆಲ್ ಭಾವಚಿತ್ರವು ಆ ಕಾಲದ ಶ್ರೇಷ್ಠ ಭಾವಚಿತ್ರಗಳಲ್ಲಿ ಎಣಿಸಲ್ಪಟ್ಟಿದೆ.

ಕೊನೆಯ ವರ್ಷಗಳು

ಕ್ವಿನೈನ್ ದ್ರಾವಣದ ಮೇಲ್ಮೈಯಲ್ಲಿ ಕಾಣುವ ನೀಲಿ ಹೊಳಪನ್ನು ಹರ್ಷೆಲ್ ೧೮೪೫ರಲ್ಲಿ ವರ್ಣಿಸಿದರು. ೧೮೫೨ರಲ್ಲಿ ಜಾರ್ಜ್ ಸ್ಟೋಕ್ಸ್ ಇದನ್ನು ವಿವರಿಸಿ ಪ್ರತಿದೀಪ್ತಿಯ ಅಧ್ಯಯನಕ್ಕೆ ತಳಹದಿ ಹಾಕಿದರು. ೧೮೪೭ರಲ್ಲಿ ದಕ್ಷಿಣ ಆಕಾಶದ ವೀಕ್ಷಣೆಗಳ ಬೃಹತ್ ಗ್ರಂಥ ಪ್ರಕಟವಾಯಿತು. ೧೮೫೦ರಲ್ಲಿ, ಹಿಂದೆ ನ್ಯೂಟನ್ ವಹಿಸಿದ್ದ ಟಂಕಸಾಲೆಯ ಮುಖ್ಯಸ್ಥನ ಹುದ್ದೆಯನ್ನು ಸ್ವೀಕರಿಸಿದರು. ಕೆಲಸದ ಒತ್ತಡದಿಂದ ಆರೋಗ್ಯ ಕೆಟ್ಟು ೧೮೫೫ರಲ್ಲಿ ಅದನ್ನು ತ್ಯಜಿಸಿದರು. ೧೮೬೪ರಲ್ಲಿ ೫,೦೭೯ ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳ ಪಟ್ಟಿಯನ್ನು ಹೊರತಂದರು. ಖಗೋಳವಿಜ್ಞಾನಿಗಳು ಇಂದಿಗೂ ಬಳಸುವ ಎನ್‌ಜಿಸಿ ಪಟ್ಟಿಗೆ ಇದೇ ಆಧಾರ.

೧೮೭೧ರ ಮೇ ೧೧ರಂದು ಕಾಲಿಂಗ್‌ವುಡ್‌ನಲ್ಲಿ ಹರ್ಷೆಲ್ ನಿಧನರಾದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಸಮಾಧಿಯ ಸಮೀಪ ಅವರನ್ನು ಸಮಾಧಿ ಮಾಡಲಾಯಿತು. ಸಯನೋಟೈಪ್ ಕಾಗದ ನಕ್ಷೆಗಳ ಪ್ರತಿಗಾಗಿ ವ್ಯಾಪಕ ಬಳಕೆಗೆ ಬಂದದ್ದು ಅವರ ಮರಣಾನಂತರ.

ಸ್ಮರಣೆ

ಚಂದ್ರನ ಮೇಲಿನ ಒಂದು ಕುಳಿಗೆ ಇವರ ಹೆಸರಿಡಲಾಗಿದೆ. ಫೆಲ್ಡ್‌ಹೌಸನ್‌ನಲ್ಲಿ ದೂರದರ್ಶಕವಿದ್ದ ಸ್ಥಳವನ್ನು ಒಂದು ಶಿಲಾಸ್ತಂಭ ಗುರುತಿಸುತ್ತದೆ. ಟೈಟನ್, ಮಿಮಾಸ್, ಎನ್ಸೆಲಡಸ್ ಸೇರಿದಂತೆ ಶನಿಯ ಏಳು ಉಪಗ್ರಹಗಳಿಗೂ, ಯುರೇನಸ್‌ನ ನಾಲ್ಕು ಉಪಗ್ರಹಗಳಿಗೂ ಇಂದು ಬಳಕೆಯಲ್ಲಿರುವ ಹೆಸರುಗಳು ಹರ್ಷೆಲ್ ಸೂಚಿಸಿದವು. ೧೮೩೯ರಲ್ಲಿ ಅವರು ಗಾಜಿನ ಮೇಲೆ ತೆಗೆದ ದೂರದರ್ಶಕದ ಚಿತ್ರವು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.